ಟೂ-ಸ್ಟ್ರೋಕ್ ಎಬ್ಬಿಸಿದ ಮೆಕ್ಯಾನಿಕ್

ವಿಶಾಖಪಟ್ಟಣದ ಔಷಧಿ ಕಂಪನಿಯಲ್ಲಿ ಕೆಲಸ ಮಾಡುತ್ತಿದ್ದಾಗ ನಾನು ವಿಜಯವಾಡದ ಒನ್ ಟೌನ್ ಪೇಟೆಯಿಂದ ಹಳೆಯ ಟೂ-ಸ್ಟ್ರೋಕ್ ಡರ್ಟ್ ಬೈಕೊಂದನ್ನು ಕೊಂಡು ತಂದೆ. ಎಂಜಿನ್ ಜಾಮ್ ಆಗಿತ್ತು. ಮೂವರು ಮೆಕ್ಯಾನಿಕ್‌ಗಳು ಗುಜರಿಗೆ ಹಾಕಿ ಎಂದರು. ಹತ್ತಿರದ ಭೀಮುನಿಪಟ್ಟಣದ ಒಬ್ಬ ಮೆಕ್ಯಾನಿಕ್ ಮಾತ್ರ ಪ್ಲಗ್ ಬಿಚ್ಚಿ, ಒಳಗೆ ಟಾರ್ಚ್ ಬೆಳಕು ಬಿಟ್ಟು ನೋಡಿ, "ಇದಕ್ಕೆ ಇನ್ನೂ ಜೀವ ಐತಮ್ಮಾ" ಎಂದರು. ಅರವತ್ತು ದಾಟಿದ್ದ ಅವರು ಬಳ್ಳಾರಿಯ ಗ್ಯಾರೇಜುಗಳಲ್ಲಿ ಕನ್ನಡ ಕಲಿತವರು.

ಪ್ರತಿ ಭಾನುವಾರ ಹೋಗಿ ಅವರ ಪಕ್ಕ ಕೂರುತ್ತಿದ್ದೆ. ಯಾವಾಗ ಆಗುತ್ತದೆ ಎಂದು ಕೇಳಿದಾಗಲೆಲ್ಲ, "ತೊಂದರ ಪಡಬ್ಯಾಡಮ್ಮಾ" ಎನ್ನುತ್ತಿದ್ದರು. ತೆಲುಗಿನಲ್ಲಿ ತೊಂದರ ಎಂದರೆ ಅವಸರ ಎಂದು ತಿಳಿಯಲು ನನಗೆ ತಿಂಗಳು ಹಿಡಿಯಿತು.

ಹೊಸ ಪಿಸ್ಟನ್ ಕೂರಿಸಿದ ಬೆಳಿಗ್ಗೆ, ಒಂಬತ್ತನೆಯ ಕಿಕ್‌ಗೆ ಗಾಡಿ ನೀಲಿ ಹೊಗೆ ಕಾರುತ್ತ ಅರಚಿತು. ನಾನು ಕುಣಿದಾಡಿಬಿಟ್ಟೆ. ಹೆಲ್ಮೆಟ್ ಹಾಕಿಕೊಳ್ಳುವಷ್ಟರಲ್ಲಿ ಅವರೇ ಹತ್ತಿ, ಫುಟ್‌ರೆಸ್ಟ್ ಮೇಲೆ ಎದ್ದು ನಿಂತು, ಗ್ಯಾರೇಜಿನ ಹಿಂದಿನ ದಿಬ್ಬದ ಮೇಲಿಂದ ಗಾಡಿ ಹಾರಿಸಿ ಮಾಯವಾದರು. ಕಾಲು ಗಂಟೆಯ ಬಳಿಕ ಮೈಯೆಲ್ಲ ಕೆಂಪು ಮಣ್ಣಾಗಿ ಬಂದರು.

"ಹೇಗಿದೆ?" ಎಂದು ಹ್ಯಾಂಡಲ್‌ಗೆ ಕೈ ಚಾಚಿದೆ.

"ಒಂದೂ ತಪ್ಪಿಲ್ಲಮ್ಮಾ" ಎಂದವರು ಇಳಿಯಲೇ ಇಲ್ಲ. "ಆದ್ರೂ ಇನ್ನೊಂದ್ಸಲ ನೋಡ್ಬೇಕು" ಎಂದು ಗಾಡಿಯನ್ನು ಮತ್ತೆ ದಿಬ್ಬದ ಕಡೆ ತಿರುಗಿಸಿದರು.