ಆಜಿ ಯಾವ ಭಾಷೆಯಲ್ಲಿ ಪ್ರಾರ್ಥಿಸಿದರು?

ನಾನು ಹುಟ್ಟಿದ್ದು ಕ್ರೈಸ್ತ ಮನೆಯಲ್ಲಿ. ಹುಬ್ಬಳ್ಳಿಯ ನಮ್ಮ ಚರ್ಚಿನಲ್ಲಿ ಜನ ಎದ್ದು ನಿಂತು ತಮಗಾದ ಅದ್ಭುತಗಳಿಗೆ ಸಾಕ್ಷಿ ಹೇಳುವುದನ್ನು ಕೇಳುತ್ತಲೇ ಬೆಳೆದೆ. ಒಬ್ಬರಿಗೆ ಕೋಣೆಯಲ್ಲಿ ಬೆಳಕು ಕಂಡಿರುತ್ತಿತ್ತು, ಇನ್ನೊಬ್ಬರನ್ನು ಯಾರೋ ಹೆಸರು ಹಿಡಿದು ಕರೆದಿರುತ್ತಿದ್ದರು. ವರ್ಷದಿಂದ ವರ್ಷಕ್ಕೆ ಆ ಕಥೆಗಳು ಬೆಳೆಯುತ್ತಾ ಹೋಗುವುದನ್ನು ಗಮನಿಸಿ ನಾನೂ ನನ್ನ ಗೆಳತಿಯೂ ಹಿಂದಿನ ಬೆಂಚಿನಲ್ಲಿ ನಗು ತಡೆದುಕೊಳ್ಳುತ್ತಿದ್ದೆವು. ದೇವರನ್ನು ನಂಬುತ್ತಿದ್ದೆ, ಇಂಥವನ್ನು ನಂಬುತ್ತಿರಲಿಲ್ಲ. ಈಗ ನಾನೇ ಅಂಥದ್ದೊಂದನ್ನು ಹೇಳಲು ಕೂತಿದ್ದೇನೆ. ನೀವು ನಕ್ಕರೆ ನನಗೆ ಬೇಸರವಿಲ್ಲ.

ಮದುವೆಯಾಗಿ ಪುಣೆಗೆ ಬಂದ ಹೊಸತು. ನಮ್ಮ ಮನೆಯವರು ಇಲ್ಲಿಯೇ ಬೆಳೆದವರು. ಮೋಟಾರು ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿ ಕೆಲಸ, ಮನೆಯಲ್ಲಿ ಕನ್ನಡ, ಹೊಸ್ತಿಲು ದಾಟಿದರೆ ಮರಾಠಿ. ನನಗೋ ಬಿಬವೇವಾಡಿಯ ಮಾರ್ಕೆಟ್ಟಿನಲ್ಲಿ ಕೊತ್ತಂಬರಿ ಕೇಳುವಷ್ಟೂ ಮರಾಠಿ ಬರುತ್ತಿರಲಿಲ್ಲ. ಬೆರಳು ತೋರಿಸಿ ಕೊಳ್ಳುತ್ತಿದ್ದೆ. ಮರುವರ್ಷ ಬಸುರಿಯಾದೆ. ಇನ್ನೇನು ದಿನ ತುಂಬಬೇಕು ಎನ್ನುವಾಗ ಮಗು ಹೊಟ್ಟೆಯಲ್ಲೇ ಹೋಯಿತು. ಹೆಣ್ಣು ಮಗು. ನನ್ನ ಕೈಗೆ ಕೊಟ್ಟರು, ಆಮೇಲೆ ತೆಗೆದುಕೊಂಡು ಹೋದರು.

ಎದೆಯಲ್ಲಿ ಹಾಲು ಬಂತು, ಒಣಗಿತು. ಕಣ್ಣಲ್ಲಿ ಮಾತ್ರ ನೀರು ಬರಲಿಲ್ಲ. ಪ್ರಾರ್ಥನೆ ನಿಂತುಹೋಯಿತು. ಚರ್ಚಿನವರು ಮನೆಗೆ ಬಂದು ಎಲ್ಲ ದೇವರ ಚಿತ್ತ ಎಂದಾಗ ನಾನು ಒಳಗೆ ಹೋಗಿ ಚಹಾಕ್ಕೆ ಇಟ್ಟೆ. ಮನೆಯವರಿಗೂ ಅದು ಮಗುವೇ ಆಗಿತ್ತಲ್ಲ, ಆದರೂ ಅವರು ನನ್ನನ್ನೇ ನೋಡಿಕೊಂಡರು. ಕೆಲಸದಿಂದ ಬಂದು ಅನ್ನ ಸಾರು ಮಾಡುತ್ತಿದ್ದರು. ನಾನು ತಲೆ ಬಾಚಿಕೊಳ್ಳುವುದನ್ನೂ ಬಿಟ್ಟಾಗ ತಾವೇ ಎಣ್ಣೆ ಹಚ್ಚಿ ಜಡೆ ಹಾಕಲು ಕಲಿತರು. ಸೊಟ್ಟ ಜಡೆ. ಆ ಜಡೆಯಲ್ಲೇ ನಾನು ಆ ಬೇಸಿಗೆ ಕಳೆದೆ.

ಒಂದು ರವಿವಾರ ಮಧ್ಯಾಹ್ನ ಅವರು ಬೂಟು ಕೊಳ್ಳಬೇಕು ಎಂದು ನನ್ನನ್ನು ಕ್ಯಾಂಪ್ ಪೇಟೆಗೆ ಕರೆದುಕೊಂಡು ಹೋದರು. ಅವರ ಬೂಟು ಚೆನ್ನಾಗಿಯೇ ಇದ್ದವು. ನನ್ನನ್ನು ಮನೆಯಿಂದ ಹೊರಡಿಸಲು ಹೂಡಿದ ನೆಪ ಅದು. ಬಿಸಿಲಿಗೆ ನನಗೆ ತಲೆ ಸುತ್ತಿ ಬಂತು. ಹತ್ತಿರದಲ್ಲೇ ಒಂದು ಹಳೆಯ ಕಲ್ಲಿನ ಚರ್ಚು, ಬಾಗಿಲು ತೆರೆದಿತ್ತು. ಒಳಗೆ ತಂಪಿದೆ ಎಂದು ಹೋಗಿ ಕೂತೆವು, ಬೇರೆ ಯಾವ ಉದ್ದೇಶವೂ ಇರಲಿಲ್ಲ. ಆರಾಧನೆ ಮುಗಿದು ಜನ ಹೋಗಿದ್ದರು. ಬಿಳಿ ಸೀರೆಯ ಒಬ್ಬ ಮುದುಕಿ ವೇದಿಕೆಯ ಮೇಲಿನ ಬಾಡಿದ ಹೂಗಳನ್ನು ತೆಗೆಯುತ್ತಿದ್ದರು.

ಅವರು ನನ್ನನ್ನು ಒಂದು ಗಳಿಗೆ ನೋಡಿದರು. ಹೂವನ್ನು ಅಲ್ಲೇ ಇಟ್ಟು ಬಂದು ನನ್ನ ಪಕ್ಕದಲ್ಲಿ ಕೂತರು. ನನ್ನ ಆ ಕಡೆ ಮನೆಯವರು, ಈ ಕಡೆ ಅವರು. ಏನನ್ನೂ ಕೇಳದೆ ನನ್ನ ತಲೆಯ ಮೇಲೆ ಕೈಯಿಟ್ಟು ಕಣ್ಣು ಮುಚ್ಚಿ ಪ್ರಾರ್ಥಿಸತೊಡಗಿದರು. ಕನ್ನಡದಲ್ಲಿ. ಪುಸ್ತಕದ ಕನ್ನಡದಲ್ಲಲ್ಲ, ನಮ್ಮ ಕಡೆಯ ಮಾತಿನಲ್ಲಿ.

"ಯಪ್ಪಾ ದೇವರ, ಈ ಹುಡುಗಿ ಎದಿ ಕಲ್ಲಾಗೈತಿ. ಇಕಿನ್ನ ಅಳಾಕ ಬಿಡು. ಕೂಸು ನಿನ್ನ ಮಡಿಲಾಗ ಬೆಚ್ಚಗ ಮಲಗೈತಿ, ಅಷ್ಟು ಇಕಿಗೆ ತಿಳೀಲಿ. ಹರದ ಎಳೀನ ನೀನ ಕೆಚ್ಚು, ಯಪ್ಪಾ."

ಇನ್ನೂ ಬಹಳ ಹೊತ್ತು ಪ್ರಾರ್ಥಿಸಿದರು. ನನಗೆ ನೆನಪಿರುವುದು ಇಷ್ಟು. ನಾನು ಅವರ ಮಡಿಲಿಗೆ ಬಿದ್ದು ಅತ್ತೆ. ಮಗು ಹೋದ ಮೇಲೆ ಅದೇ ಮೊದಲು. ಅವರ ಸೀರೆಯೆಲ್ಲ ಒದ್ದೆಯಾಯಿತು, ಅವರು ಕೈ ತೆಗೆಯಲಿಲ್ಲ.

ಬಸ್ಸಿನಲ್ಲಿ ಮನೆಯವರನ್ನು ಕೇಳಿದೆ, "ಆ ಅಮ್ಮಾರು ಯಾವ ಊರಿನವರ್ರೀ? ನಮ್ಮ ಹುಬ್ಬಳ್ಳಿ-ಗದಗಿನ ಕಡೆಯವರ ಏನು?"

ಅವರು ನನ್ನ ಮುಖ ನೋಡಿದರು. "ಮರಾಠಿ ಒಳಗ ಪ್ರಾರ್ಥನಾ ಮಾಡಿದ್ರಲ್ಲ. ನಾಕು ಮಾತು. ಈಕಿಗೆ ಸಮಾಧಾನ ಕೊಡು ಅಂದ್ರು, ಆಮೇಲೆ ಸುಮ್ಮನ ಕುಂತಿದ್ರು."

ನಾನು ಕೇಳಿದ್ದನ್ನೆಲ್ಲ ಹೇಳಿದೆ. ಅವರು ವಾದಿಸಲಿಲ್ಲ. "ನೀ ಅತ್ತಿಯಲ್ಲ, ನನಗ ಅಷ್ಟು ಸಾಕು" ಎಂದು ಕಿಟಕಿಯ ಕಡೆ ತಿರುಗಿದರು. ಅವರ ಕಣ್ಣೂ ತುಂಬಿತ್ತು.

ಮುಂದಿನ ರವಿವಾರ ಹಟ ಹಿಡಿದು ಮನೆಯವರೊಡನೆ ಮತ್ತೆ ಹೋದೆ. ಅವರ ಹೆಸರು ಸುಲೋಚನಾ ಎಂದೂ, ಎಲ್ಲರೂ ಆಜಿ, ಅಂದರೆ ಅಜ್ಜಿ, ಎಂದೇ ಕರೆಯುತ್ತಾರೆಂದೂ ಗೊತ್ತಾಯಿತು. ಕೈ ಹಿಡಿದು ಕನ್ನಡದಲ್ಲಿ ಮಾತಾಡಿಸಿದೆ. ಅವರು ನಕ್ಕು, "ಮಲಾ ಕಾನಡೀ ಯೇತ್ ನಾಹೀ ಗ, ಬಾಳಾ" ಎಂದರು. ನನಗೆ ಕನ್ನಡ ಬರುವುದಿಲ್ಲ ಮಗೂ ಎಂದು. ಅಹಮದನಗರದ ಕಡೆಯ ಹಳ್ಳಿಯಲ್ಲಿ ಹುಟ್ಟಿದವರು, ಕರ್ನಾಟಕದ ನೆಲವನ್ನೇ ತುಳಿದವರಲ್ಲ.

ದುಃಖಕ್ಕೆ ಕಿವಿ ಕೆಟ್ಟಿರಬೇಕು ಎಂದುಕೊಂಡೆ. ನಿದ್ದೆಯಿಲ್ಲದ ದೇಹ, ಬಿಸಿಲು, ಒಳಗಿದ್ದ ಮಾತನ್ನೇ ಹೊರಗಿನಿಂದ ಕೇಳಿಸಿಕೊಂಡೆನೇನೋ. ಆದರೆ ಕೆಚ್ಚು ಎಂಬ ಮಾತು ನನ್ನದಲ್ಲ, ಅದರ ಅರ್ಥವೇ ನನಗೆ ಗೊತ್ತಿರಲಿಲ್ಲ. ಗದಗ-ಬೆಟಗೇರಿಯಲ್ಲಿರುವ ನನ್ನ ದೊಡ್ಡವ್ವನಿಗೆ, ನನ್ನ ತಾಯಿಯ ಅಕ್ಕನಿಗೆ, ಫೋನು ಮಾಡಿ ಕೇಳಿದೆ.

"ಮಗ್ಗದಾಗ ಎಳಿ ಹರೀತಾವಲ್ಲವ್ವ, ಅವನ್ನ ತುದಿಗೆ ತುದಿ ಕೂಡಿಸಿ ಹೊಸಿಯೋದು" ಎಂದರು ದೊಡ್ಡವ್ವ. "ನಿಮ್ಮವ್ವನ ಕೈಬಳ್ಳು ಅದಕ್ಕ ಭಾಳ ಚಲೋ ಇದ್ವು. ಗಂಟು ಎಲ್ಲೈತಿ ಅಂತ ಕಾಣಸ್ತಿದ್ದಿಲ್ಲ."

ಅವ್ವ ತೀರಿಕೊಂಡಾಗ ನಾನು ಇನ್ನೂ ಮಾತು ಕಲಿಯುತ್ತಿದ್ದ ಕೂಸು. ಅವಳ ದನಿ ಹೇಗಿತ್ತು ಎಂಬುದೂ ನೆನಪಿಲ್ಲ. ತೊಟ್ಟಿಲಲ್ಲಿ ಕೇಳಿದ ಮಾತು ತಲೆಯಲ್ಲಿ ಎಲ್ಲೋ ಉಳಿದಿತ್ತು ಎಂದು ನೀವು ಹೇಳಬಹುದು. ನಾನೂ ಹಾಗೆಯೇ ಹೇಳಿಕೊಂಡಿದ್ದೇನೆ.

ನಮಗೆ ಮತ್ತೆ ಮಗುವಾಗಲಿಲ್ಲ. ಸಾಕ್ಷಿಯ ಕಥೆಯಾಗಿದ್ದರೆ ಆಗುತ್ತಿತ್ತೇನೋ. ನನಗೆ ಆದದ್ದು ಬೇರೆ. ಬೆಳಿಗ್ಗೆ ಏಳಬಹುದು ಎನ್ನಿಸಿತು. ತಲೆ ಬಾಚಿಕೊಂಡೆ. ಒಂದು ದಿನ ರೊಟ್ಟಿ ಬಡಿಯುತ್ತ ನನಗರಿವಿಲ್ಲದೆ ದೇವರೊಡನೆ ಮಾತಾಡುತ್ತಿದ್ದೆ, ಮೊದಲು ಜಗಳ, ಆಮೇಲೆ ಸುಮ್ಮನೆ ಮಾತು. ಮಗಳು ಅವನ ಬಳಿ ಬೆಚ್ಚಗಿದ್ದಾಳೆ ಎಂಬುದು ಬುದ್ಧಿಗೆ ತಿಳಿಯುವ ಮೊದಲೇ ಎದೆಗೆ ತಿಳಿದಿತ್ತು.

ಆಜಿ ನನಗೆ ತಾಯಿಯಂತೆ ಆದರು. ಮರಾಠಿ ಕಲಿತದ್ದು ಅವರಿಂದಲೇ. ನಾನು ತಪ್ಪು ಮಾತಾಡಿದರೆ ತಿದ್ದುತ್ತಿರಲಿಲ್ಲ, ತಾವೂ ಅದೇ ತಪ್ಪನ್ನು ಮಾತಾಡಿ ನಗುತ್ತಿದ್ದರು. ಈಗ ಅವರಿಗೆ ನಡೆಯಲು ಕಷ್ಟ. ರವಿವಾರ ನಮ್ಮ ಮನೆಯವರೇ ರಿಕ್ಷಾದಲ್ಲಿ ಕರೆತಂದು ಬೆಂಚಿನವರೆಗೆ ಕೈ ಹಿಡಿದು ನಡೆಸುತ್ತಾರೆ.

ಹೋದ ಚಳಿಗಾಲದಲ್ಲಿ ಅವರ ಮನೆಯಲ್ಲಿ ಇಬ್ಬರೇ ಕೂತು ಮೆಂತ್ಯ ಬಿಡಿಸುತ್ತಿದ್ದೆವು. ಇಷ್ಟು ವರ್ಷ ಕೇಳಬೇಕೆಂದುಕೊಂಡು ಕೇಳದೆ ಉಳಿದದ್ದನ್ನು ಆ ದಿನ ಮರಾಠಿಯಲ್ಲಿ ಕೇಳಿದೆ: ಆ ಮಧ್ಯಾಹ್ನ ನನ್ನ ಮಗು ಹೋದದ್ದು ನಿಮಗೆ ಹೇಗೆ ಗೊತ್ತಾಯಿತು?

ಆಜಿ ಸೊಪ್ಪಿನಿಂದ ತಲೆಯೆತ್ತಿದರು. "ನೀನೇ ಎಲ್ಲ ಹೇಳಿದೆಯಲ್ಲ, ಬಾಳಾ. ಹೊಟ್ಟೆಯಲ್ಲೇ ಹೋಯಿತು ಅಂದೆ, ಎತ್ತಿಕೊಂಡಾಗ ಭಾರ ಇತ್ತು ಅಂದೆ. ಎಷ್ಟು ಒಳ್ಳೆಯ ಮರಾಠಿಯಲ್ಲಿ ಹೇಳಿದೆ. ಮುಂದಿನ ವಾರ ಬಂದು ಒಂದು ಮಾತೂ ಬಾರದವಳ ಹಾಗೆ ನಿಂತಾಗ ನನಗೆ ಆಶ್ಚರ್ಯವಾಗಿತ್ತು. ದುಃಖದಿಂದ ಹಾಗಾಗಿರಬೇಕು ಅಂದುಕೊಂಡು ನಾನು ಕೇಳಲಿಲ್ಲ."

ಮನೆಗೆ ಬಂದು ಮನೆಯವರನ್ನು ಕೇಳಿದೆ. ನಮ್ಮಿಬ್ಬರ ಪಕ್ಕದಲ್ಲೇ ಕೂತಿದ್ದವರು ಅವರು.

"ನೀ ಬಾಯಿ ತಗದಿದ್ದ ನಾ ನೋಡ್ಲಿಲ್ಲ. ಅತ್ತಿ, ಅಷ್ಟ."

ಮಗುವನ್ನು ಎತ್ತಿಕೊಂಡಾಗ ಭಾರವಿತ್ತು ಎಂಬುದನ್ನು ನಾನು ಅವರಿಗೂ ಹೇಳಿರಲಿಲ್ಲ. ಆ ರಾತ್ರಿ ಹೇಳಿದೆ. ಆ ಮಧ್ಯಾಹ್ನ ಯಾರು ಯಾರ ಭಾಷೆಯಲ್ಲಿ ಮಾತಾಡಿದರು ಎಂಬುದು ನಮ್ಮ ಮೂವರಲ್ಲಿ ಯಾರಿಗೂ ಇನ್ನೂ ತಿಳಿದಿಲ್ಲ.