ದೊಡ್ಡಮ್ಮ ಕಾಯ್ದ ಐದು ಸಾಲು

ಓಡುತ್ತಿರುವ ಟಿಲ್ಲರ್ ಎದುರಿಗೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತವರನ್ನು ನೀವು ನೋಡಿದ್ದೀರಾ? ಹೋದ ಭಾನುವಾರ ಕೈಲಾಂಚ ಎಂಬ ಹಳ್ಳಿಯ ಹತ್ತಿರ ನಾನು ನೋಡಿದೆ. ಕೂತವರು ಬೇರೆ ಯಾರೂ ಅಲ್ಲ, ನಮ್ಮ ದೊಡ್ಡಮ್ಮ.

ದೊಡ್ಡಮ್ಮನ ಮಗ ಕುಮಾರ, ವರಸೆಯಲ್ಲಿ ನನಗೆ ತಮ್ಮ, ರೇಷ್ಮೆ ಬೆಳೆಯುತ್ತಾನೆ. ಅರ್ಧ ಎಕರೆ ಹಿಪ್ಪುನೇರಳೆ, ಒಂದು ಹುಳುವಿನ ಮನೆ. ಅಷ್ಟೇ ಆಸ್ತಿ. ಹುಳ ಯಾವ ಹಂತದಲ್ಲಿದೆ ಎಂದು ಅವರ ತಟ್ಟೆ ನೋಡಿಯೇ ಹೇಳಬಹುದು. ಗೂಡು ಮಾರಿದ ವಾರ ಕೋಳಿ, ಬಾಳೆಹಣ್ಣು, ಬೇಕರಿ ಖಾರ. ಆಮೇಲೆ ಬೇಳೆ ಸಾರು. ಮುಂದಿನ ಬೆಳೆಯ ಹುಳ ಮೂರನೇ ಜ್ವರಕ್ಕೆ ಹೋಗುವ ಹೊತ್ತಿಗೆ (ಪೊರೆ ಬಿಡುವುದಕ್ಕೆ ಅಲ್ಲಿ ಜ್ವರ ಅನ್ನುತ್ತಾರೆ, ಗಾಬರಿ ಬೇಡ) ಬರೀ ಮುದ್ದೆ, ಹುಣಸೆಹುಳಿ ಸಾರು.

ಆದರೂ ನಾನು ಚಿಕ್ಕವನಿದ್ದಾಗ ಆ ಮನೆಯಲ್ಲಿ ಒಂದೇ ರುಚಿಯ ಸಾರನ್ನು ಎರಡು ದಿನ ಉಂಡ ನೆನಪಿಲ್ಲ. ಕಾರಣ ಬೆರಕೆ ಸೊಪ್ಪು. ಹಿಪ್ಪುನೇರಳೆ ಸಾಲುಗಳ ನಡುವೆ ಅಣ್ಣೆ, ಗೋಣಿ, ಗಣಿಕೆ, ಹೊನಗೊನ್ನೆ ತಾವಾಗಿಯೇ ಹುಟ್ಟುತ್ತಿದ್ದವು. ಹುಳ ಸತ್ತೀತೆಂಬ ಭಯಕ್ಕೆ ತೋಟಕ್ಕೆ ಔಷಧಿ ಹೊಡೆಯುತ್ತಿರಲಿಲ್ಲ. ಹುಳುವಿನ ಪುಣ್ಯದಲ್ಲಿ ನಮಗೂ ಪಾಲು.

ಈಚೆಗೆ ಕುಮಾರ ಗೂಡು ಮಾರಿದ ಮಾರನೇ ದಿನವೇ ಕಳೆ ಉತ್ತು ತೆಗೆಯಲು ಬಾಡಿಗೆ ಟಿಲ್ಲರ್ ಕರೆಸುತ್ತಾನೆ. ತೋಟ ಕ್ಲೀನ್. ಜೊತೆಗೆ ಅಡುಗೆಮನೆಯೂ ಕ್ಲೀನ್. ಸೊಪ್ಪು ಕೊಂಡರಾಯಿತಲ್ಲ ಅಂದಿರಾ? ನಿನ್ನೆಯವರೆಗೆ ಬಿಟ್ಟಿ ಸಿಗುತ್ತಿದ್ದದ್ದಕ್ಕೆ ದುಡ್ಡು ಬಿಚ್ಚಲು ಯಾರಿಗೆ ಮನಸ್ಸು ಬರುತ್ತದೆ?

ಈಗ ಕುಮಾರನ ಹೆಂಡತಿ ಮಂಜುಳ ಐದು ತಿಂಗಳ ಬಸುರಿ. ಆಸ್ಪತ್ರೆಯಲ್ಲಿ ರಕ್ತ ಕಮ್ಮಿ ಎಂದರಂತೆ. ಮಾತ್ರೆ ಕೊಟ್ಟು, ಸೊಪ್ಪು, ಕಾಳು, ಮೊಟ್ಟೆ ತಿನ್ನಮ್ಮ ಎಂದರಂತೆ. ಮಾತ್ರೆಯನ್ನೇನೋ ನುಂಗುತ್ತಿದ್ದಾಳೆ. ಕುಮಾರ ಪ್ರೀತಿಯಿಂದ ದುಬಾರಿ ಟಾನಿಕ್ ಪುಡಿಯ ಡಬ್ಬವೊಂದನ್ನೂ ತಂದ. ಸಾರು ಮಾತ್ರ ಅದೇ, ಸೊಪ್ಪಿಲ್ಲದ್ದು.

ಭಾನುವಾರ ಟಿಲ್ಲರ್ ಮುಕ್ಕಾಲು ತೋಟ ಮುಗಿಸಿ, ಕೊನೆಯ ಐದು ಸಾಲಿಗೆ ಬಂತು. ಅಲ್ಲಿ ದೊಡ್ಡಮ್ಮ, ಕುರ್ಚಿ ಸಮೇತ.

"ಎದ್ದೇಳವ್ವ, ಬಾಡಿಗೆ ಓಡ್ತೈತೆ," ಎಂದ ಕುಮಾರ.

"ಓಡ್ಲಿ ಬುಡು. ಈ ಐದು ಸಾಲು ನಿಂದಲ್ಲ, ನನ್ನ ಸೊಸೇದು."

"ಕಳೆ ಬುಟ್ರೆ ರಸ್ತೇಲಿ ಹೋಗೋರು ಸೋಂಬೇರಿ ಅಂತಾರೆ ಕಣವ್ವ."

"ಅನ್ನೋರು ಬಂದು ನಿನ್ನೆಂಡ್ರಿಗೆ ರಕ್ತ ಕೊಟ್ಟಾರೇನ್ಲಾ?"

ಕುಮಾರ ನನ್ನ ಮುಖ ನೋಡಿದ. ನಾನು ಟಿಲ್ಲರ್ ಮುಖ ನೋಡಿದೆ. (ಇಂಥ ಹೊತ್ತಲ್ಲಿ ನೆಂಟರು ಮಾಡಬೇಕಾದದ್ದು ಅದನ್ನೇ.)

ಮಂಜುಳ ತೋಟದ ಪಕ್ಕದ ಮನೆಯ ಬಾಗಿಲಿನಿಂದಲೇ ಕೂಗಿದಳು. "ಬಿಸ್ಲು ಕಣತ್ತೆ, ಒಳಿಕ್ಕೆ ಬನ್ನಿ. ನಂಗೇನಾಗೈತೆ?"

"ನೀ ಸುಮ್ಕಿರವ್ವ. ಎರಡು ಮೆಟ್ಲತ್ತಿದ್ರೆ ಏದುಸ್ರು ಬತ್ತೈತೆ, ನಾ ಕಂಡಿಲ್ವಾ?"

ಟಿಲ್ಲರ್ ಡ್ರೈವರ್ ಎಂಜಿನ್ ಆಫ್ ಮಾಡಿದ. "ಅಣ್ಣ, ಅಜ್ಜಿ ಏಳಕಿಲ್ಲ. ಮಾಡಿದಷ್ಟಕ್ಕೇ ಬಾಡಿಗೆ ಕೊಡಿ. ಒಸಿ ಸೊಪ್ಪು ಕೊಟ್ರೆ ತಕ್ಕೋಗ್ತೀನಿ, ನಮ್ಮನೇಲೂ ಕೇಳ್ತಾವ್ಳೆ."

ಆಗ ದೊಡ್ಡಮ್ಮ ಎದ್ದರು. ಡ್ರೈವರಿಗೆ ಮಡಿಲು ತುಂಬ ಸೊಪ್ಪು ಕಿತ್ತುಕೊಟ್ಟರು. ಮಗನಿಗೆ ಮಾತ್ರ ಆರ್ಡರ್. "ಉಳಿದ ಬಾಡಿಗೇಲಿ ಮೊಟ್ಟೆ, ತೊಗರಿಬೇಳೆ ತತ್ತಾ. ಸೊಪ್ಪೊಂದ್ರಲ್ಲೇ ರಕ್ತ ಬರಕಿಲ್ಲ."

ಕೈಗೆ ನಾಲ್ಕು ಕಾಸು ಬಂದರೆ ಬಡವರ ಊಟ ತಾನಾಗಿ ಸುಧಾರಿಸುತ್ತದೆ ಎಂದು ನಾನೂ ನಂಬಿದ್ದೆ. ಆದರೆ ಕಾಸು ಮೊದಲು ಹೋಗುವುದು ನಾಲ್ಕು ಜನರ ಕಣ್ಣಿಗೆ ಬೀಳುವ ಕಡೆಗೆ. ತಟ್ಟೆಯೊಳಗೆ ಇಣುಕಿ ನೋಡುವವರು ಯಾರಿದ್ದಾರೆ?

ಮಧ್ಯಾಹ್ನ ಆ ಸೊಪ್ಪನ್ನೇ ಬೇಯಿಸಿ ಮಸೆದ ಮಸ್ಸೊಪ್ಪಿನ ಸಾರು, ಮುದ್ದೆ, ಬೇಯಿಸಿದ ಮೊಟ್ಟೆ. ಮಂಜುಳ ಎರಡನೇ ಮುದ್ದೆಗೆ ತಾನೇ ಕೈ ಹಾಕಿದಳು. ದೊಡ್ಡಮ್ಮ ಕಂಡೂ ಕಾಣದ ಹಾಗೆ ಅವಳ ತಟ್ಟೆಗೆ ಇನ್ನೊಂದು ಸೌಟು ಸಾರು ಬಿಟ್ಟರು. ಕುಮಾರ ತಲೆಯೆತ್ತದೆ ಮೂರು ಸಲ ಸಾರು ಬಡಿಸಿಕೊಂಡ.

ಊಟವಾದ ಮೇಲೆ ಜಗಲಿಯಲ್ಲಿ ಕೂತು, "ನೋಡಣ್ಣ, ತೋಟ ಅರ್ಧ ಶೇವ್ ಮಾಡ್ದಂಗೆ ಕಾಣ್ತೈತೆ," ಎಂದ.

ಕಾಣಲಿ ಬಿಡಿ. ಅಚ್ಚುಕಟ್ಟಾದ ತೋಟವನ್ನು ಯಾರಾದರೂ ಮುದ್ದೆಗೆ ನಂಚಿಕೊಂಡದ್ದುಂಟೇ?