ಅತ್ತೆಗೊಂದು ಕಿವಿ, ನನಗೊಂದು ಕಿವಿ

ಹೊಸಬರು ಯಾರಾದರೂ ನಿಮ್ಮ ಹವ್ಯಾಸವೇನು ಎಂದು ಕೇಳಿದರೆ ನಾನು ಓದುವುದು ಎನ್ನುತ್ತೇನೆ. ಕೋಲಾರದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು ಇನ್ನೇನು ಹೇಳಲು ಸಾಧ್ಯ? ನಿಜ ಹೇಳಬೇಕೆಂದರೆ, ಈಚಿನ ವರ್ಷಗಳಲ್ಲಿ ಪಠ್ಯಪುಸ್ತಕ ಬಿಟ್ಟು ನಾನು ಕೊನೆಯವರೆಗೂ ಓದಿದ್ದು ಇಯರ್‌ಬಡ್ಸ್ ಡಬ್ಬಿಯ ಜೊತೆ ಬಂದ ಸಣ್ಣಕ್ಷರದ ಚೀಟಿ ಒಂದೇ. ಸದ್ಯಕ್ಕೆ ನನಗಿರುವ ಪ್ರೀತಿಗಳು ಎರಡು. ಒಂದು, ಕೊರಿಯಾ ದೇಶದ ಧಾರಾವಾಹಿಗಳು. ಇನ್ನೊಂದು, ಅವುಗಳನ್ನು ಯಾರಿಗೂ ತಿಳಿಯದ ಹಾಗೆ ಕೇಳಿಸಿಕೊಳ್ಳಲು ನೆರವಾಗುವ ಆ ಬಿಳಿ ಇಯರ್‌ಬಡ್ಸ್. ಗಂಡನನ್ನು ಮೂರನೆಯದಾಗಿ ಸೇರಿಸಬಹುದು. ಆದರೆ ಅವರು ಮಾಲೂರಿನ ಕಾರ್ಖಾನೆಯಲ್ಲಿ ಪಾಳಿ ಮುಗಿಸಿ ಮನೆಗೆ ಬರುವಷ್ಟರಲ್ಲಿ ನನ್ನ ಕಂತು ಮುಗಿದಿರುತ್ತದೆ.

ನಮ್ಮದು ಸುಗಟೂರಿನ ಕಡೆಯ ಒಂದು ಹಳ್ಳಿ. ಬೆಳಿಗ್ಗೆ ಬಸ್ಸಿನಲ್ಲಿ ಅರ್ಧ ಕಂತು, ಸಂಜೆ ಬಸ್ಸಿನಲ್ಲಿ ಇನ್ನರ್ಧ. ಮನೆಗೆ ಬಂದ ಮೇಲೆ ಹುಳು ಮನೆ. ನಾವು ರೇಷ್ಮೆ ಸಾಕುತ್ತೇವೆ. ಹುಳುಗಳಿಗೆ ವಾಸನೆ ಆಗದು ಎಂದು ಅತ್ತೆ ನನ್ನ ಮುಖದ ಪೌಡರನ್ನು ಉಜ್ಜಿ ತೊಳೆಸಿಯೇ ಒಳಗೆ ಬಿಡುತ್ತಿದ್ದರು. ಪೌಡರಿಗೆ ತಡೆ ಇತ್ತು, ಇಯರ್‌ಬಡ್ಸಿಗೆ ಇರಲಿಲ್ಲ. ಕೂದಲನ್ನು ಕಿವಿಯ ಮೇಲೆ ಇಳಿಬಿಟ್ಟು, ಫೋನನ್ನು ಹುಳು ತಟ್ಟೆಗಳ ಸ್ಟ್ಯಾಂಡಿನ ಮೂಲೆಗೆ ಒರಗಿಸಿಟ್ಟು, ನಾನು ಹಿಪ್ಪುನೇರಳೆ ಸೊಪ್ಪು ಹರಡುತ್ತಾ ಕೊರಿಯಾದಲ್ಲಿ ಇರುತ್ತಿದ್ದೆ.

ಹೀಗೆ ಎರಡು ತಿಂಗಳು ನಡೆಯಿತು. ಅಷ್ಟರಲ್ಲಿ ಅತ್ತೆ ನನಗೆ ಕಿವಿ ಮಂದವಾಗಿದೆ ಎಂದು ತೀರ್ಮಾನಿಸಿದ್ದರು. ಮೂರು ಸಲ ಕೂಗಿದರೆ ಒಂದು ಸಲ ತಿರುಗುತ್ತಾಳೆ, ಸೊಪ್ಪು ಕೇಳಿದರೆ ಸುಮ್ಮನೆ ನಗುತ್ತಾಳೆ, ಇಷ್ಟು ಚಿಕ್ಕ ವಯಸ್ಸಿಗೆ ಪಾಪ ಎಂದು ಮಗನ ಹತ್ತಿರ ಹೇಳಿದರಂತೆ. ನನ್ನ ಗಂಡ ಗಾಬರಿಯಾಗಿ ಕಿವಿ ಡಾಕ್ಟರ ಹತ್ತಿರ ಹೋಗಲು ಒಂದು ದಿನ ರಜೆಯನ್ನೂ ಹಾಕಿಬಿಟ್ಟಿದ್ದರು. ಆ ಡಾಕ್ಟರ ಮುಂದೆ ಕೂರುವ ಹಿಂದಿನ ದಿನವೇ ನಾನು ಸಿಕ್ಕಿಬಿದ್ದೆ. ಅತ್ತೆ ಬೇವಿನೆಣ್ಣೆ ಬಿಡೋಣವೆಂದು ಬಟ್ಟಲು ಹಿಡಿದು ಬಂದು ನನ್ನ ಕೂದಲು ಸರಿಸಿದರು. ಕಿವಿಯೊಳಗೆ ಬಿಳಿಯದೇನೋ ಕಂಡಿತು. ಚಿವುಟಿ ಎಳೆದರು.

ನಾನು ಬೈಗುಳಕ್ಕೆ ಸಿದ್ಧಳಾಗಿ ನಿಂತೆ. ಅತ್ತೆಯ ತವರು ಮುಳಬಾಗಿಲಿನಿಂದಾಚೆ, ಆಂಧ್ರದ ಗಡಿಗೆ ತಾಗಿಕೊಂಡ ಊರು. ಬೈಯುವುದೂ ಮುದ್ದು ಮಾಡುವುದೂ ತೆಲುಗಿನಲ್ಲೇ. ಅವರು ಬೈಯಲಿಲ್ಲ. ಅದನ್ನು ಅವರೆಕಾಳಿನಂತೆ ಎರಡು ಬೆರಳಲ್ಲಿ ಹಿಡಿದು ನೋಡಿ ತಮ್ಮ ಕಿವಿಗೆ ಇಟ್ಟುಕೊಂಡರು. ನಾನು ನೋಡುತ್ತಿದ್ದುದು ತೆಲುಗಿಗೆ ಡಬ್ ಆದದ್ದು. ಅತ್ತೆ ಎಣ್ಣೆ ಬಟ್ಟಲು ಹಿಡಿದುಕೊಂಡೇ ಸುಮಾರು ಹೊತ್ತು ನಿಂತರು. ಆಮೇಲೆ ಫೋನಿನ ಹತ್ತಿರ ಹೋಗಿ ಬಗ್ಗಿ ನೋಡಿದರು.

"ಇವ್ರೂ ತೆಲುಗಿನವ್ರಾ?" ಎಂದು ಕೇಳಿದರು.

ಅಂದಿನಿಂದ ನನಗೆ ಎಡಗಿವಿ, ಅತ್ತೆಗೆ ಬಲಗಿವಿ. ಹುಳು ಮನೆಯ ಈ ತುದಿಯಲ್ಲಿ ನಾನು, ಆ ತುದಿಯಲ್ಲಿ ಅವರು. ಮುಖ ನೋಡಬೇಕೆನ್ನಿಸಿದಾಗ ಸೊಪ್ಪಿನ ಹೊರೆ ಹೊತ್ತುಕೊಂಡು ಫೋನಿದ್ದ ಮೂಲೆಗೆ ಬರುತ್ತಿದ್ದರು. ಆ ಮೂಲೆಯ ಹುಳುಗಳು ಉಳಿದವುಗಳಿಗಿಂತ ದಪ್ಪಗಾದವು. ಕಥೆಯಲ್ಲಿದ್ದವರ ಹೆಸರು ಅತ್ತೆಯ ನಾಲಿಗೆಗೆ ಒಗ್ಗಲಿಲ್ಲ. ಗಡಿಯಾರ ರಿಪೇರಿ ಮಾಡುವ ನಾಯಕಿ 'ಗಡಿಯಾರದ ಹುಡುಗಿ' ಆದಳು, ಅವಳಿಗೆ ಕೊಡೆ ಹಿಡಿಯುತ್ತಿದ್ದ ಶ್ರೀಮಂತರ ಮಗ 'ಕೊಡೆ ಹುಡುಗ' ಆದ. ಕೊಡೆ ಹುಡುಗನ ತಾಯಿ ಹೋಟೆಲಿನಲ್ಲಿ ಕೂತು ಗಡಿಯಾರದ ಹುಡುಗಿಯ ಮುಖಕ್ಕೆ ಲೋಟದ ನೀರು ಎರಚಿದ ದಿನ ಅತ್ತೆ ಸೊಪ್ಪು ಕೆಳಗಿಟ್ಟರು.

"ನಾನೂ ಅತ್ತೆನೇ. ಬೈಯೋಕೆ ಬಾಯಿಲ್ವಾ ಅವಳಿಗೆ? ಕುಡಿಯೋ ನೀರು ಕಣೇ ಅದು. ಸಾವಿರದಿನ್ನೂರು ಅಡಿ ಬೋರ್ ಕೊರ್ಸಿದ್ರೆ ಗೊತ್ತಾಗ್ತಿತ್ತು."

ಇದರ ನಡುವೆ ನನ್ನ ನಾದಿನಿಗೆ ಸಂಬಂಧ ಬಂದಿತ್ತು. ಅವಳು ಕೋಲಾರದ ಒಂದು ಆಸ್ಪತ್ರೆಯಲ್ಲಿ ಲ್ಯಾಬ್ ಟೆಕ್ನೀಷಿಯನ್. ಹುಡುಗ ಶ್ರೀನಿವಾಸಪುರದ ಕಡೆಯವನು, ಸರ್ಕಾರಿ ಕೆಲಸ, ಮಾವಿನ ತೋಟ. ಭಾನುವಾರ ನೋಡಲು ಬರುತ್ತೇವೆ ಎಂದು ಹೇಳಿ ಕಳಿಸಿದ್ದರು. ಅದೇ ವಾರ ಧಾರಾವಾಹಿಯಲ್ಲಿ ಕೊಡೆ ಹುಡುಗನ ಕಾರು ಲಾರಿಗೆ ಗುದ್ದಿ ಅವನಿಗೆ ನೆನಪು ಹೋಯಿತು. ಅತ್ತೆಯೂ ನಾನೂ ಒಂದೇ ಹೊತ್ತಿಗೆ ಕಣ್ಣೊರೆಸಿಕೊಳ್ಳುತ್ತಾ ಹುಳು ಮನೆಯಿಂದ ಹೊರಗೆ ಬಂದೆವು. ಜಗುಲಿಯ ಮೇಲೆ ಕೂತಿದ್ದ ಮಾವ ಏನಾಯಿತೆಂದು ವಿಚಾರಿಸಿದರು.

"ಆ ಹುಡುಗನಿಗೆ ನೆನಪೇ ಹೊಂಟೋಗಿದೆ ಕಣ್ರೀ," ಎಂದರು ಅತ್ತೆ ಮೂಗೆಳೆಯುತ್ತಾ. "ಕಟ್ಕೋಬೇಕಾದ ಹುಡುಗೀನೇ ಗೊತ್ತಾಗ್ತಿಲ್ಲ."

ಮಾವ ಎದ್ದು ಟವೆಲು ಹೆಗಲಿಗೆ ಹಾಕಿಕೊಂಡು ಹೊರಗೆ ಹೊರಟರು. ಅವರು ಅದನ್ನು ಶ್ರೀನಿವಾಸಪುರದ ಹುಡುಗನ ವಿಷಯ ಎಂದುಕೊಂಡರೆಂಬುದು ನಮಗೆ ತಿಳಿದದ್ದು ಆಮೇಲೆ. ಸಂಬಂಧ ತಂದವರನ್ನು ಹಾಲಿನ ಡೈರಿಯ ಹತ್ತಿರ ನಿಲ್ಲಿಸಿಕೊಂಡು, ಹುಡುಗನಿಗೆ ತಲೆಗೇನಾದರೂ ಪೆಟ್ಟು ಬಿದ್ದಿತ್ತಾ ಎಂದು ವಿಚಾರಿಸಿದರಂತೆ. ಅವರು ಹಾಗೇನಿಲ್ಲ ಎಂದು ಆಣೆ ಮಾಡಿದಷ್ಟೂ ಮಾವನ ಅನುಮಾನ ಬಲಿಯಿತು. ಬರಲಿ, ನಾನೇ ಪರೀಕ್ಷೆ ಮಾಡುತ್ತೇನೆ ಎಂದು ಮನಸ್ಸಿನಲ್ಲೇ ಇಟ್ಟುಕೊಂಡರು.

ಭಾನುವಾರ ಹನ್ನೊಂದು ಗಂಟೆಗೆ ಎಂದವರು ಹತ್ತಕ್ಕೇ ಬಂದರು. ಹುಡುಗ, ಅವನ ತಾಯಿ, ಸೋದರಮಾವ. ಆಗ ನಮ್ಮ ಹುಳು ನಾಲ್ಕನೇ ಜ್ವರ, ಅಂದರೆ ಕೊನೆಯ ಸಲ ಪೊರೆ ಬಿಡುವ ನಿದ್ದೆ, ಮುಗಿಸಿ ಎದ್ದು ಹಸಿದು ಕೂತಿತ್ತು. ಮನೆಗೆ ಸಾಕ್ಷಾತ್ ದೇವರೇ ಬಂದರೂ ಅದಕ್ಕೆ ಹೊತ್ತಿಗೆ ಸೊಪ್ಪು ಬೀಳಲೇಬೇಕು. ಅತ್ತೆ ಹುಳು ಮನೆಯಿಂದ ಓಡಿ ಬಂದು, ಕೈಕಾಲು ತೊಳೆದು, ಸೀರೆ ಬದಲಾಯಿಸಿ ನಡುಮನೆಯಲ್ಲಿ ಕೂತರು. ನಾನು ಧಾರಾವಾಹಿ ನಿಲ್ಲಿಸಿ ಫೋನ್ ಎತ್ತಿಕೊಂಡು ಅಡುಗೆಮನೆ ಸೇರಿದೆ.

ಇಲ್ಲಿ ನಡೆದ ತಪ್ಪು ನನ್ನದು. ಅದನ್ನು ಯಾರ ಮೇಲೂ ಹಾಕುವುದಿಲ್ಲ. ಕೊಡೆ ಹುಡುಗ ಗಡಿಯಾರದಂಗಡಿಯ ಬಾಗಿಲಲ್ಲಿ ನಿಂತಿದ್ದ. ಅವನಿಗೆ ನೆನಪು ಬರುತ್ತದೋ ಇಲ್ಲವೋ ಎನ್ನುವಾಗ ನಾನು ನಿಲ್ಲಿಸಿದ್ದೆ. ಬೋಂಡಾ ಬೇಯುವವರೆಗೆ ಸುಮ್ಮನೆ ನಿಲ್ಲಬೇಕಲ್ಲ. ಅತ್ತೆ ಕಿವಿಯ ಅವರೆಕಾಳನ್ನು ತೆಗೆದಿಟ್ಟಿರುತ್ತಾರೆ ಎಂದುಕೊಂಡು ಮತ್ತೆ ಹಚ್ಚಿದೆ. ಶಬ್ದ ಬರದೇ ಇದ್ದಾಗ ಕಿವಿಯಲ್ಲಿ ಅದಿದೆ ಎನ್ನುವುದೇ ಮರೆತುಹೋಗುತ್ತದೆ ಎಂದು ನನಗೆ ಹೊಳೆಯಬೇಕಿತ್ತು.

ನಡುಮನೆಯಲ್ಲಿ ಮಾವ ಪರೀಕ್ಷೆ ಶುರುಮಾಡಿದ್ದರು. ನಿಮ್ಮೂರಿಂದ ಯಾವ ದಾರಿಯಲ್ಲಿ ಬಂದಿರಿ ಎಂದು ಹುಡುಗನನ್ನು ಕೇಳಿದರು. ಹುಡುಗ ಸೋದರಮಾವನ ಮುಖ ನೋಡಿದ. ಸೋದರಮಾವ ಹೇಳಿದರು. ಬೆಳಿಗ್ಗೆ ಏನು ತಿಂಡಿ ತಿಂದಿರಿ ಎಂದು ಕೇಳಿದರು. ಹುಡುಗ ಮತ್ತೆ ಸೋದರಮಾವನ ಮುಖ ನೋಡಿದ. ಇಡ್ಲಿ ಎಂದು ಸೋದರಮಾವನಿಂದ ಉತ್ತರ ಬಂತು. ಮಾವ ನಿಟ್ಟುಸಿರು ಬಿಟ್ಟು, ಕಣ್ಣಲ್ಲೇ ಅತ್ತೆಗೆ ನೀನು ಹೇಳಿದ್ದು ನಿಜ ಎಂದು ಸೂಚಿಸಲು ತಿರುಗಿದರು.

ಅತ್ತೆ ಅಳುತ್ತಿದ್ದರು.

ನಾದಿನಿ ಕಾಫಿ ತಟ್ಟೆ ಹಿಡಿದು ಮುಂದೆ, ನಾನು ಬೋಂಡಾ ಹಿಡಿದು ಹಿಂದೆ, ಆಗಷ್ಟೇ ಬಾಗಿಲು ದಾಟಿದ್ದೆವು. ನನ್ನ ಎಡಗಿವಿಯಲ್ಲಿ ಕೊಡೆ ಹುಡುಗ ಗಡಿಯಾರದ ಹುಡುಗಿಯನ್ನು ಹೆಸರು ಹಿಡಿದು ಕರೆದ. ಎದುರಿಗೆ ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡು ಬಿಕ್ಕಿದರು. ಬೋಂಡಾ ತಟ್ಟೆ ನನ್ನ ಕೈಯಲ್ಲಿ, ಫೋನು ಅಡುಗೆಮನೆಯಲ್ಲಿ. ಹಿಂದೆ ಹೋಗುವ ಹಾಗಿಲ್ಲ, ಮುಂದೆ ಕಾಲು ಬರುತ್ತಿಲ್ಲ. ಆ ಹಾಳು ಹುಡುಗನೋ, ಹದಿನಾಲ್ಕು ಕಂತು ಮನಸ್ಸಿನ ಮಾತು ಬಾಯಿಬಿಡದಿದ್ದವನು, ಅವಳನ್ನು ಮೊದಲು ನೋಡಿದ ದಿನದಿಂದ ಒಂದೊಂದಾಗಿ ನೆನಪಿಸಿಕೊಳ್ಳತೊಡಗಿದ.

ಹುಡುಗನ ತಾಯಿ ಎದ್ದು ಬಂದು ಅತ್ತೆಯ ಕೈ ಹಿಡಿದರು. "ಅಳ್ಬೇಡಿ ಅಕ್ಕಾ. ನಿಮ್ಮ ಮಗಳು ಇನ್ಮೇಲೆ ನನ್ ಮಗಳು," ಎಂದರು. ಹೇಳುತ್ತಾ ಅವರಿಗೂ ಅಳು ಬಂತು. ತಮ್ಮ ಮಗಳನ್ನು ಹೊಸಕೋಟೆಗೆ ಕೊಟ್ಟಾಗ ತಾವೂ ಹೀಗೇ ಅತ್ತದ್ದನ್ನು ಹೇಳಿದರು. ಹೆಂಡತಿ ಬೇರೆಯವರ ಮುಂದೆ ಅತ್ತದ್ದನ್ನು ಎಂದೂ ನೋಡಿರದ ಮಾವ ಟವೆಲಿನಿಂದ ಕಣ್ಣೊತ್ತಿಕೊಂಡರು. ಇಂಥ ಕರುಳಿರುವ ಮನೆಯ ಹೆಣ್ಣು ಸಿಗಬೇಕಲ್ಲ ಎಂದು ಸೋದರಮಾವ ಕೂಡ ತಲೆದೂಗಿದರು.

ನಾದಿನಿಗೆ ಎಲ್ಲ ಗೊತ್ತಿತ್ತು. ಧಾರಾವಾಹಿ ಬರುವ ಆ ಆ್ಯಪಿಗೆ ಚಂದಾ ಕಟ್ಟಿದ್ದವಳೇ ಅವಳು. ನನ್ನ ಕಿವಿ ನೋಡಿದಳು, ಅಮ್ಮನ ಕಿವಿ ನೋಡಿದಳು. ತಡೆದುಕೊಳ್ಳಲು ತುಟಿ ಕಚ್ಚಿದಳು. ಕಾಫಿ ಲೋಟಗಳು ಮೊದಲು ಸಣ್ಣಗೆ ಗಿಲಗುಟ್ಟಿದವು, ಆಮೇಲೆ ಜೋರಾಗಿ. ಕೊನೆಗೆ ತಟ್ಟೆಯನ್ನು ನೆಲಕ್ಕಿಟ್ಟು ಅಲ್ಲೇ ಕೂತು ನಕ್ಕಳು. ಅಮ್ಮ ಅಳುತ್ತಿರುವಾಗ ನಗುವ ಹುಡುಗಿಯನ್ನು ಸೋದರಮಾವ ಹುಬ್ಬು ಗಂಟಿಕ್ಕಿ ನೋಡಿದರು.

"ಅಮ್ಮ ನನಗೋಸ್ಕರ ಅಳ್ತಿಲ್ಲ," ಎಂದು ಅವಳು ಸುಧಾರಿಸಿಕೊಂಡು ಹೇಳಿದಳು. ಎದ್ದು ಹೋಗಿ ಅಮ್ಮನ ಕೂದಲು ಸರಿಸಿ, ಬಡ್ ತೆಗೆದು ಅಂಗೈಯಲ್ಲಿಟ್ಟು ಎಲ್ಲರಿಗೂ ತೋರಿಸಿದಳು.

ಹಾಗಾದರೆ ಇಷ್ಟು ಹೊತ್ತು ಯಾರಿಗಾಗಿ ಅತ್ತದ್ದು ಎಂದು ಸೋದರಮಾವ ಬಿಗುವಾಗಿ ವಿಚಾರಿಸಿದರು. ಅತ್ತೆ ಸುಳ್ಳು ಹೇಳುವವರಲ್ಲ.

"ಆ ಹುಡುಗನಿಗೆ ನೆನಪು ಬಂತು," ಎಂದರು.

ಮಾವನ ಮುಖ ಬೆಳಗಿತು. ಅವರು ತಿರುಗಿ ಶ್ರೀನಿವಾಸಪುರದ ಹುಡುಗನನ್ನು ಪ್ರೀತಿಯಿಂದ ನೋಡಿ, ಈಗ ಹೇಳಪ್ಪಾ, ಬೆಳಿಗ್ಗೆ ಏನು ತಿಂದೆ ಎಂದು ಕೇಳಿದರು.

ಆಮೇಲಿನ ಹತ್ತು ನಿಮಿಷ ಯಾರಿಗೆ ಯಾವ ಹುಡುಗ ಎಂದು ಬಿಡಿಸಿ ಹೇಳುವುದರಲ್ಲೇ ಕಳೆಯಿತು. ಹುಡುಗನ ತಾಯಿ ಮಾತ್ರ ನಾದಿನಿಯ ಅಂಗೈಯಿಂದ ಬಡ್ ತೆಗೆದುಕೊಂಡು, ಸೆರಗಿನಿಂದ ಒರೆಸಿ, ತಮ್ಮ ಕಿವಿಗೆ ಇಟ್ಟುಕೊಂಡಿದ್ದರು. ಯಾರಿವನು, ದನಿ ಎಷ್ಟು ಚೆನ್ನಾಗಿದೆ ಎಂದು ತೆಲುಗಿನಲ್ಲಿ ಕೇಳಿದರು. ಅತ್ತೆ ಪಕ್ಕಕ್ಕೆ ಸರಿದು ಜಾಗ ಮಾಡಿಕೊಟ್ಟು, ಮೊದಲ ಕಂತಿನಿಂದ ಕಥೆ ಶುರುಮಾಡಿದರು. ನೀರೆರಚಿದ ಘಟ್ಟ ಬಂದಾಗ ಸೋದರಮಾವ ಕಾಫಿ ಮುಟ್ಟದೆ ಎದ್ದು ಅಂಗಳಕ್ಕೆ ಹೋದರು.

ಹುಡುಗ ಹುಡುಗಿ ಮಾತಾಡಿಕೊಳ್ಳಲಿ ಎಂದು ಇಬ್ಬರನ್ನೂ ನೀರಿನ ತೊಟ್ಟಿಯ ಹತ್ತಿರ ಕಳಿಸಿದೆವು. ಹೋದಷ್ಟೇ ಬೇಗ ಹಿಂದಿರುಗಿದರು. ಅವರೆಲ್ಲ ಹೊರಟ ಮೇಲೆ ನನಗೆ ಅಡುಗೆಮನೆಯಿಂದ ಈಚೆ ಬರಲು ಮುಖವಿರಲಿಲ್ಲ. ಇನ್ನೊಬ್ಬಳ ಬಾಳಿನ ವಿಷಯ, ಒಂದು ಬೋಂಡಾ ಬೇಯುವಷ್ಟು ಹೊತ್ತು ತಾಳಲಾರದೆ ಹಾಳು ಮಾಡಿದೆನಲ್ಲ ಎಂದು ನನ್ನನ್ನೇ ಬೈದುಕೊಂಡೆ. ಪಾತ್ರೆ ಉಜ್ಜುತ್ತಿದ್ದಾಗ ನಾದಿನಿ ಬಂದು ಪಕ್ಕದಲ್ಲಿ ನಿಂತಳು. ಹಚ್ಚಿದವಳು ನಾನೇ, ತಪ್ಪಾಯಿತು ಎಂದೆ.

"ಬಿಡಿ ಅತ್ತಿಗೆ," ಎಂದಳು. "ಮದುವೆ ಆದ್ಮೇಲೂ ನಾನು ಕೆಲಸಕ್ಕೆ ಹೋಗ್ತೀನಿ ಅಂದೆ. ಸೋದರಮಾವನ್ನ ಕೇಳಿ ಹೇಳ್ತೀನಿ ಅಂದ್ರು. ಹೋಗ್ಲಿ, ಕಾಫಿಗೆ ಸಕ್ಕರೆ ಸಾಕಾ ಅಂದೆ. ಅದಕ್ಕೂ ಅಂಗಳದ ಕಡೆ ನೋಡಿದ್ರು. ಕೆಟ್ಟೋರಲ್ಲ ಪಾಪ. ಆದ್ರೆ ನಂಗೆ ಆ ಸೋದರಮಾವನ್ನ ಮದುವೆ ಆಗೋಕೆ ಇಷ್ಟ ಇಲ್ಲ."

ನಾವು ಬೇಡ ಎಂದು ಹೇಳಿ ಕಳಿಸುವ ಮೊದಲೇ ಅವರಿಂದ ಮಾತು ಬಂತು. ಬಂದವರ ಮುಂದೆ ಕಿವಿಗೆ ಏನೋ ಸಿಕ್ಕಿಸಿಕೊಂಡು ಅಳುವ ಮನೆಯ ಸಂಬಂಧ ಬೇಡ ಎಂದು ಸೋದರಮಾವ ಅಂದರಂತೆ. ಮಾವನಿಗೆ ಎರಡು ದಿನ ಮುನಿಸಿತ್ತು. ನನ್ನ ಗಂಡ ಪಾಳಿಯಿಂದ ಬಂದು ಕಥೆ ಕೇಳಿ, ಮೊದಲು ನಕ್ಕು, ಆಮೇಲೆ ನಗಬಾರದಿತ್ತು ಎಂದು ನೆನಪಾಗಿ ನನ್ನನ್ನು ಗದರಿಸಿದರು. ಕಿವಿ ಡಾಕ್ಟರಿಗಾಗಿ ಹಾಳು ಮಾಡಿಕೊಂಡ ರಜೆಯ ಸಿಟ್ಟೂ ಅದರಲ್ಲಿ ಸೇರಿತ್ತು. ನಾದಿನಿ ಎಂದಿನಂತೆ ಆಸ್ಪತ್ರೆಗೆ ಹೋಗಿಬಂದಳು.

ಮೂರನೆಯ ವಾರ ಮಾವನ ಫೋನಿಗೆ ಶ್ರೀನಿವಾಸಪುರದಿಂದ ಕರೆ ಬಂತು. ಹುಡುಗನ ತಾಯಿ. ಸಂಬಂಧದ ಮಾತನ್ನು ಮತ್ತೆ ಎತ್ತುತ್ತಾರೆಂದುಕೊಂಡ ಮಾವ ಗಂಟಲು ಸರಿಮಾಡಿಕೊಂಡು, ನಮ್ಮ ಹುಡುಗಿಗೆ ಇಷ್ಟವಿಲ್ಲ ಎಂಬುದನ್ನು ಮರ್ಯಾದೆಯಿಂದ ಹೇಳಲು ತೊಡಗಿದರು. ಆಯಮ್ಮ ಅದು ಇರಲಿ ಬಿಡಿ, ಅಕ್ಕನಿಗೆ ಕೊಡಿ ಎಂದರಂತೆ. ಅತ್ತೆ ಫೋನು ಹಿಡಿದುಕೊಂಡು ಹಿತ್ತಿಲಿಗೆ ಹೋದರು. ನೀರೆರಚಿದವಳು ಕೊನೆಗೆ ಸೊಸೆಯನ್ನು ಒಪ್ಪಿಕೊಂಡಳಾ ಎಂಬುದು ತಿಳಿಯದೆ ಆಕೆಗೆ ಮೂರು ವಾರ ಕೆಲಸದಲ್ಲಿ ಮನಸ್ಸೇ ನಿಂತಿರಲಿಲ್ಲವಂತೆ. ಅಂದಿನಿಂದ ಮಧ್ಯಾಹ್ನ ಇಬ್ಬರೂ ಮಾತಾಡುವುದು ರೂಢಿಯಾಯಿತು. ಆ ಧಾರಾವಾಹಿ ಮುಗಿದು ಇನ್ನೊಂದು ಶುರುವಾಯಿತು. ಅದರಲ್ಲಿ ನಾಯಕ ಅಡುಗೆಭಟ್ಟ.

ಕಳೆದ ಮಾವಿನ ಕಾಲದಲ್ಲಿ ಆಕೆಯೇ ಬಂದರು. ಅಣ್ಣನಿಗೆ, ಅಂದರೆ ಆ ಸೋದರಮಾವನಿಗೆ, ಹೇಳದೆ, ಬಸ್ಸು ಹತ್ತಿ, ಒಂದು ಬುಟ್ಟಿ ಬಾದಾಮಿ ಮಾವಿನಹಣ್ಣು ಹಿಡಿದುಕೊಂಡು. ಅತ್ತೆ ಹುಳುಗಳಿಗೆ ರೋಗ ತಗಲದಿರಲೆಂದು ಅವರ ಕಾಲನ್ನು ಬ್ಲೀಚಿಂಗ್ ಪುಡಿಯ ನೀರಿನಲ್ಲಿ ಅದ್ದಿಸಿ ಹುಳು ಮನೆಯೊಳಗೆ ಕರೆದುಕೊಂಡರು. ಮಗನಿಗೆ ಬೇರೆ ಕಡೆ ಹೆಣ್ಣು ಗೊತ್ತಾಗಿದೆ, ಹುಡುಗಿ ಗಟ್ಟಿಗಿತ್ತಿ, ಅಣ್ಣನ ಬಾಯನ್ನು ಎರಡೇ ಮಾತಿಗೆ ಮುಚ್ಚಿಸಿದಳು ಎಂದು ಆಕೆ ಸಂತೋಷದಿಂದ ಹೇಳಿದರು. ಆಮೇಲೆ ನನ್ನ ಕಡೆ ನೋಡಿದರು. ನಾನು ಫೋನು ತೆಗೆದು ಡಬ್ಬಿ ಬಿಚ್ಚಿದೆ. ಹೆಂಗಸರು ಮೂವರು, ಬಡ್ ಎರಡು. ಬಂದವರಿಗೆ ಇಲ್ಲ ಎನ್ನಲಾಗದು ಎಂದು ಅತ್ತೆ ಒಂದನ್ನು ಆಕೆಗೆ ಕೊಟ್ಟು, ಇನ್ನೊಂದನ್ನು ತಾವು ಇಟ್ಟುಕೊಂಡರು.

ನಾನು ಸೊಪ್ಪು ಹರಡುತ್ತಾ, ಹುಳು ಮೇಯುವ ಸದ್ದು ಕೇಳುತ್ತಾ, ಅವರಿಬ್ಬರ ಮುಖ ನೋಡಿಯೇ ಕಥೆ ಊಹಿಸತೊಡಗಿದೆ. ಸ್ವಲ್ಪ ಹೊತ್ತಿಗೆ ಇಬ್ಬರೂ ಒಟ್ಟಿಗೆ ಎದೆಯ ಮೇಲೆ ಕೈ ಇಟ್ಟುಕೊಂಡರು. ಏನಾಯಿತು ಅತ್ತೆ ಎಂದು ಕೇಳಿದೆ.

"ಆಮೇಲೆ ಹೇಳ್ತೀನಿ," ಎಂದರು ಅತ್ತೆ, ಫೋನಿನಿಂದ ಕಣ್ಣು ತೆಗೆಯದೆ. "ಆ ಕಡೆ ಸೊಪ್ಪು ಬಿದ್ದಿಲ್ಲ, ಹಾಕು."